‘ಮುಟ್ಟಬೇಡಿ’ ಎಂದು ಬರೆದು ಹೋದವರಿಗೆ

ಸಹೋದ್ಯೋಗಿಗಳೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಮೇಕ್‌ಫೈಲಿನಲ್ಲಿ ನೀವು ಬಿಟ್ಟುಹೋದ ಎರಡು ಸಾಲು ಮಾತ್ರ ಗೊತ್ತು. ಇಡೀ ಪ್ರಾಜೆಕ್ಟು ಓ-ಟೂನಲ್ಲಿ ಕಂಪೈಲ್ ಆಗುತ್ತದೆ, ಒಂದು ಫೈಲು ಮಾತ್ರ ಓ-ಜೀರೊದಲ್ಲಿ, ಅಂದರೆ ಆಪ್ಟಿಮೈಸೇಶನ್ ಇಲ್ಲದೆ. ಅದರ ಮೇಲೊಂದು ಟಿಪ್ಪಣಿ: ‘ಆಪ್ಟಿಮೈಸೇಶನ್ ಹಾಕಿದರೆ ಓಡುವುದಿಲ್ಲ. ಮುಟ್ಟಬೇಡಿ.’ ಬರೆದವರ ಹೆಸರಿಲ್ಲ, ತಾರೀಕಿಲ್ಲ, ಕಾರಣವೂ ಇಲ್ಲ. ಹಳೆಯ ಸರ್ವರಿನಿಂದ ಹೊಸದಕ್ಕೆ ಕೋಡ್ ಸಾಗಿಸಿದಾಗ ಹಿಂದಿನ ದಾಖಲೆಗಳೆಲ್ಲ ಕಳೆದುಹೋಗಿವೆ, ಹಾಗಾಗಿ ಹುಡುಕಿ ಫೋನ್ ಮಾಡುವ ದಾರಿಯೂ ಇಲ್ಲ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ನಿಮ್ಮ ಕಣ್ಣಿಗೆ ಬೀಳದಿದ್ದರೂ ಇಂಥದೇ ಸಾಲು ಬರೆಯಲು ಹೊರಟ ಇನ್ನೊಬ್ಬರ ಕಣ್ಣಿಗಾದರೂ ಬೀಳಲಿ.

ನಿಮ್ಮ ಮೇಲೆ ಸಿಟ್ಟಿಲ್ಲ. ಅದೇ ಸಾಲನ್ನು ನಾನೂ ಒಮ್ಮೆ ಬರೆದಿದ್ದೇನೆ. ಅದರ ಬೆಲೆ ತೆತ್ತವರು ಬೇರೆಯವರು.

ಆಗ ನಾನು ಹಾಲಿನ ಫ್ಯಾಟ್ ಅಳೆಯುವ ಯಂತ್ರದ ಫರ್ಮ್‌ವೇರ್ ಬರೆಯುತ್ತಿದ್ದೆ. ಹಳ್ಳಿಯ ಹಾಲಿನ ಡೇರಿಯಲ್ಲಿ ನೀವು ನೋಡಿರುತ್ತೀರಿ. ಸಣ್ಣ ಬಟ್ಟಲಿಗೆ ಸ್ಯಾಂಪಲ್ ಹಾಕುತ್ತಾರೆ, ಯಂತ್ರ ಅದನ್ನು ಹೀರಿಕೊಂಡು ಶಬ್ದದ ಅಲೆ ಹಾಯಿಸುತ್ತದೆ, ಒಂದು ನಿಮಿಷದೊಳಗೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಉಳಿದ ಘನಾಂಶ) ಅಂಕಿ ಬರುತ್ತದೆ. ಆ ಅಂಕಿಯ ಮೇಲೆ ಲೀಟರಿನ ದರ. ಅಳತೆ ಒಂದು ಹಂತಕ್ಕೆ ಬಂದು ನಿಲ್ಲುವವರೆಗೆ ಯಂತ್ರ ಮತ್ತೆ ಮತ್ತೆ ಓದುತ್ತಿತ್ತು. ಎಂಟು ಓದಿಕೆಗಳಿಗೆ ಸಾಲುವಷ್ಟು ಜಾಗ ಇಟ್ಟಿದ್ದೆ, ಸಾಮಾನ್ಯವಾಗಿ ಐದಾರರಲ್ಲೇ ಕೆಲಸ ಮುಗಿಯುತ್ತಿತ್ತು. ಆದರೆ ಲೂಪಿನ ಷರತ್ತಿನಲ್ಲಿ < ಎಂದಿರಬೇಕಾದಲ್ಲಿ <= ಎಂದು ಬರೆದಿದ್ದೆ. ಹಾಲು ತೀರಾ ತಣ್ಣಗಿದ್ದು ಅಳತೆ ಬೇಗ ನಿಲ್ಲದಿದ್ದರೆ ಒಂಬತ್ತನೆಯ ಓದಿಕೆಯೂ ಬಂದು ಎಂಟು ಮನೆಯ ಸಾಲಿನಾಚೆ ಕೂರುತ್ತಿತ್ತು.

ಓ-ಜೀರೊದಲ್ಲಿ ಆ ಒಂಬತ್ತನೆಯ ಜಾಗದಲ್ಲಿ ಯಾರಿಗೂ ಬೇಡವಾದ ಒಂದು ಹಳೆಯ ಮೌಲ್ಯವಿತ್ತು. ಅದರ ಮೇಲೆ ಬರೆದರೂ ಏನೂ ಆಗುತ್ತಿರಲಿಲ್ಲ. ರಿಲೀಸಿಗೆ ಮುಂಚೆ ಓ-ಟೂ ಹಾಕಿದಾಗ ಕಂಪೈಲರ್ ಸ್ಟ್ಯಾಕನ್ನು, ಅಂದರೆ ಫಂಕ್ಷನ್ನಿನ ತಾತ್ಕಾಲಿಕ ಮೌಲ್ಯಗಳು ಕೂರುವ ಜಾಗವನ್ನು, ಮತ್ತೆ ಜೋಡಿಸಿತು. ಅದೇ ಜಾಗಕ್ಕೆ ಉಷ್ಣತೆಯ ತಿದ್ದುಪಡಿ ಅಂಕಿ ಬಂದು ಕೂತಿತು. ಲ್ಯಾಬಿನಲ್ಲಿ ಫ್ರಿಜ್ಜಿನ ಹಾಲು ಹಾಕಿ ನೋಡಿದಾಗ ಫ್ಯಾಟ್ ಕಡಿಮೆ ತೋರಿಸಿತು. ಎರಡು ದಿನ ಒದ್ದಾಡಿದೆ. ಪ್ರಿಂಟ್ ಹಾಕಿದರೆ ಬಗ್ ಮಾಯವಾಗುತ್ತಿತ್ತು, ತೆಗೆದರೆ ಮರಳುತ್ತಿತ್ತು. ಕೊನೆಗೆ ಆ ಫೈಲನ್ನು ಓ-ಜೀರೊಗೆ ಇಳಿಸಿದೆ. ಅಂಕಿ ಸರಿಹೋಯಿತು. ‘ಕಂಪೈಲರ್ ಸಮಸ್ಯೆ’ ಎಂದು ಬರೆದು ಟಿಕೆಟ್ ಮುಚ್ಚಿದೆ.

ಎಂಟು ತಿಂಗಳ ನಂತರ, ನಾನು ಬೇರೆ ಕೆಲಸದಲ್ಲಿದ್ದಾಗ, ಇನ್ನೊಬ್ಬರು ರಸೀದಿಗೊಂದು ಸಣ್ಣ ಅನುಕೂಲ ಸೇರಿಸಲು ಅದೇ ಫಂಕ್ಷನ್ನಿನಲ್ಲಿ ಒಂದು ವೇರಿಯಬಲ್ ಹೆಚ್ಚಿಸಿದರು. ಸ್ಟ್ಯಾಕ್ ಮತ್ತೆ ಅಲುಗಾಡಿತು. ಈ ಸಲ ಓ-ಜೀರೊದಲ್ಲೇ ಒಂಬತ್ತನೆಯ ಜಾಗಕ್ಕೆ ತಿದ್ದುಪಡಿ ಅಂಕಿ ಬಂತು. ಆಗ ಡಿಸೆಂಬರ್. ಚಳಿಯ ಬೆಳಗುಗಳಲ್ಲಿ ಮಾತ್ರ ಕೆಲವು ಊರುಗಳಲ್ಲಿ ಫ್ಯಾಟ್ ಕಡಿಮೆ ಬರತೊಡಗಿತು. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ಫ್ಯಾಟಿನಲ್ಲಿ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ, ಹಾಗಾಗಿ ಮೊದಮೊದಲು ಯಾರೂ ಅನುಮಾನಿಸಲಿಲ್ಲ. ಕೊನೆಗೆ ಹೆಂಗಸೊಬ್ಬರು ಮೂರು ವಾರದ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದು ಮೇಜಿನ ಮೇಲಿಟ್ಟರು. ಒಂದೇ ಹಸು, ಅದೇ ಮೇವು. ಸಂಜೆ 4.2, ಬೆಳಿಗ್ಗೆ 3.5, ಬಿಸಿಲೇರಿದ ಮೇಲೆ ತಂದ ದಿನ ಮತ್ತೆ 4.1. ನಮ್ಮ ಯಾವ ಟೆಸ್ಟಿಂಗ್ ತಂಡವೂ ಅಷ್ಟು ಅಚ್ಚುಕಟ್ಟಾದ ವರದಿ ಕೊಟ್ಟಿರಲಿಲ್ಲ. ಆ ಚೀಟಿಗಳನ್ನು ನೋಡಿದ ಮೇಲೆ ತಪ್ಪು ಸಿಗಲು ಒಂದು ಮಧ್ಯಾಹ್ನ ಸಾಕಾಯಿತು.

ಹಾಗಾಗಿ ನಿಮ್ಮ ಸಾಲು ಓದಿದ ದಿನದಿಂದ ನನಗೆ ಸಮಾಧಾನವಿಲ್ಲ. ಓ-ಜೀರೊಗೆ ಇಳಿಸಿದಾಗ ದೋಷ ಹೋಗುವುದಿಲ್ಲ. ಅದು ಮಲಗುವ ಜಾಗ ಬದಲಾಗುತ್ತದೆ, ಅಷ್ಟೆ.

ಈ ಕಸುಬಿನ ಒಳಗಿಲ್ಲದವರಿಗಾಗಿ ಎರಡು ಮಾತು. ನಾವು ಸಿ ಭಾಷೆಯಲ್ಲಿ ಬರೆದದ್ದನ್ನು ಚಿಪ್ಪಿಗೆ ತಿಳಿಯುವ ಸೂಚನೆಗಳಾಗಿ ಮಾರ್ಪಡಿಸುವುದು ಕಂಪೈಲರ್. ಓ-ಜೀರೊ ಎಂದರೆ ಸಾಲುಸಾಲಾಗಿ, ಬರೆದ ಹಾಗೆಯೇ ಮಾರ್ಪಡಿಸು ಎಂದು. ಓ-ಟೂ, ಓ-ತ್ರೀ ಎಂದರೆ ಹೊರಗೆ ಕಾಣುವ ಫಲ ಬದಲಾಗದಿರಲಿ, ಒಳಗೆ ನಿನಗೆ ಸರಿಕಂಡಂತೆ ಮಾಡು ಎಂದು: ಬೇಡದ ಲೆಕ್ಕ ಬಿಡು, ಲೂಪುಗಳನ್ನು ಬಿಚ್ಚು, ಮೆಮೊರಿಗೆ ಅಲೆಯುವ ಬದಲು ರಿಜಿಸ್ಟರಿನಲ್ಲೇ ಇಟ್ಟುಕೋ. ಇದು ಶೋಕಿಗಾಗಿ ಹುಟ್ಟಿದ್ದಲ್ಲ. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ 704 ಯಂತ್ರಕ್ಕೆ ಮೊದಲ ಫೋರ್ಟ್ರಾನ್ ಕಂಪೈಲರ್ ಕೊಟ್ಟಾಗ ಅವರಿಗಿದ್ದ ದೊಡ್ಡ ಅಳುಕೇ ಅದು: ಕೈಯಲ್ಲಿ ಬರೆದ ಕೋಡಿಗೆ ಸಮನಾಗಿ ಓಡದಿದ್ದರೆ ಇದನ್ನು ಯಾರೂ ಬಳಸುವುದಿಲ್ಲ. ಅದೇ ವರ್ಷ ಐಬಿಎಂ ಸೇರಿ ಅಲ್ಲಿನ ವಿಜ್ಞಾನಿಗಳಿಗೆ ಫೋರ್ಟ್ರಾನ್ ಕಲಿಸಿದ ಫ್ರಾನ್ ಆಲೆನ್, ಮುಂದೆ ಆಪ್ಟಿಮೈಸೇಶನ್ನಿಗೆ ಶಾಸ್ತ್ರದ ತಳಪಾಯ ಹಾಕಿ, 2006ರ ಟ್ಯೂರಿಂಗ್ ಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ಡಿಸೈನ್ ಹ್ಯಾಂಡ್‌ಬುಕ್ 2002ರಲ್ಲಿ ಬಂತು. ಆ ದಪ್ಪ ಪುಸ್ತಕದ ವಿಷಯವೇ ಆಪ್ಟಿಮೈಸೇಶನ್ ಮತ್ತು ಯಂತ್ರಸೂಚನೆಗಳ ತಯಾರಿ. ಇಷ್ಟು ಜನರ ದುಡಿಮೆಯನ್ನು ‘ಕಂಪೈಲರ್ ಸಮಸ್ಯೆ’ ಎಂಬ ಎರಡು ಪದದಲ್ಲಿ ತಳ್ಳಿಹಾಕಿದ್ದಕ್ಕೆ ನನಗೆ ಇಂದಿಗೂ ಬೇಸರವಿದೆ.

ಕಂಪೈಲರ್ ಕೆಲಸ ಮಾಡುವುದು ನಂಬಿಕೆಯ ಮೇಲೆ. ಸಿ ಭಾಷೆಯ ನಿಯಮಗಳಲ್ಲಿ ‘ಇದನ್ನು ಮಾಡಿದರೆ ಏನಾಗುತ್ತದೆಂದು ಹೇಳುವುದಿಲ್ಲ’ ಎಂದು ಕೈಬಿಟ್ಟ ಸಂದರ್ಭಗಳು ಬಹಳಷ್ಟಿವೆ. ಸಾಲಿನಾಚೆ ಬರೆಯುವುದು, ಖಾಲಿ ಪಾಯಿಂಟರ್ ಹಿಡಿದು ಓದುವುದು, ಚಿಹ್ನೆಯುಳ್ಳ ಪೂರ್ಣಾಂಕ ತನ್ನ ಮಿತಿ ಮೀರಿ ಉಕ್ಕುವುದು, ಒಂದೇ ಮೆಮೊರಿಯನ್ನು ಎರಡು ಬೇರೆ ಬಗೆಯ ಪಾಯಿಂಟರಿನಿಂದ ನೋಡುವುದು. ಇಂಥದ್ದನ್ನು ನೀವು ಮಾಡುವುದೇ ಇಲ್ಲ ಎಂದು ಕಂಪೈಲರ್ ನಂಬುತ್ತದೆ. ನಂಬಿ ಅಲ್ಲಿಗೇ ನಿಲ್ಲುವುದಿಲ್ಲ, ಆ ನಂಬಿಕೆಯಿಂದ ಮುಂದಿನ ತೀರ್ಮಾನ, ಅದರಿಂದ ಅದರ ಮುಂದಿನದು ಎಂದು ಹೆಜ್ಜೆ ಹಾಕುತ್ತದೆ. ಹಂತ ಹೆಚ್ಚಿದಷ್ಟೂ ಆ ಹೆಜ್ಜೆಗಳು ದೂರ ಹೋಗುತ್ತವೆ. ತಪ್ಪು ಇರುವುದು ಒಂದು ಕಡೆ, ಗೋಡೆ ಕುಸಿಯುವುದು ಇನ್ನೊಂದು ಕಡೆ.

2009ರಲ್ಲಿ ಲಿನಕ್ಸ್ ಕರ್ನೆಲ್ಲಿನಲ್ಲಿ ಆದದ್ದು ಇದೇ. ಟನ್ ಎಂಬ ನೆಟ್‌ವರ್ಕ್ ಡ್ರೈವರಿನ ಒಂದು ಫಂಕ್ಷನ್ ಮೊದಲು ಪಾಯಿಂಟರ್ ಹಿಡಿದು ಒಳಗಿನ ಮೌಲ್ಯ ಓದಿತು, ಆಮೇಲೆ ‘ಪಾಯಿಂಟರ್ ಖಾಲಿಯಿದ್ದರೆ ಹಿಂದಿರುಗು’ ಎಂದು ಪರೀಕ್ಷಿಸಿತು. ಓದುವ ಮನುಷ್ಯನಿಗೆ ಎರಡು ಸಾಲು ಹಿಂದುಮುಂದಾಗಿದೆ ಅನಿಸುತ್ತದೆ, ಅಷ್ಟೇ. ಜಿಸಿಸಿ ಎಂಬ ಕಂಪೈಲರಿಗೆ ಕಂಡದ್ದು ಬೇರೆ: ಆಗಲೇ ಓದಿಯಾಗಿದೆ ಎಂದರೆ ಪಾಯಿಂಟರ್ ಖಾಲಿ ಇರಲಾರದು, ಹಾಗಿದ್ದರೆ ಈ ಪರೀಕ್ಷೆ ಎಂದೂ ನಿಜವಾಗದು, ತೆಗೆದುಬಿಡೋಣ. ತೆಗೆಯಿತು. ಕಾವಲೇ ಇಲ್ಲದ ಆ ದಾರಿಯಲ್ಲಿ ನುಗ್ಗಿ ಇಡೀ ಯಂತ್ರವನ್ನು ವಶಪಡಿಸಿಕೊಳ್ಳಬಹುದೆಂದು ಆ ಜುಲೈಯಲ್ಲಿ ಭದ್ರತಾ ಸಂಶೋಧಕರೊಬ್ಬರು ಮಾಡಿ ತೋರಿಸಿದರು. ಕರ್ನೆಲ್ಲಿನವರು ಸಾಲುಗಳ ಕ್ರಮ ಸರಿಪಡಿಸಿದರು, ಜೊತೆಗೆ ಖಾಲಿ ಪಾಯಿಂಟರಿನ ಪರೀಕ್ಷೆಗಳನ್ನು ಅಳಿಸಬಾರದೆಂಬ ಸ್ವಿಚ್ಚನ್ನೂ ಹಾಕಿಕೊಂಡರು. ಮೊದಲನೆಯದಿಲ್ಲದೆ ಎರಡನೆಯದನ್ನು ಮಾತ್ರ ಮಾಡಿದ್ದರೆ ಅದೂ ನಮ್ಮ ‘ಮುಟ್ಟಬೇಡಿ’ಯೇ ಆಗುತ್ತಿತ್ತು. ಅವರು ಎರಡನ್ನೂ ಮಾಡಿದರು, ಕಾರಣ ಬರೆದಿಟ್ಟು ಮಾಡಿದರು.

2013ರಲ್ಲಿ ಬಂದ ಜಿಸಿಸಿ 4.8ರ ಕಥೆ ನನ್ನ ತಪ್ಪಿನ ಅವಳಿ. ಚಿಪ್ಪುಗಳ ವೇಗ ಅಳೆಯಲು ಜಗತ್ತೆಲ್ಲ ಬಳಸುತ್ತಿದ್ದ ಸ್ಪೆಕ್ 2006 ಎಂಬ ಕಟ್ಟಿನೊಳಗೆ ವಿಡಿಯೊ ಎನ್‌ಕೋಡ್ ಮಾಡುವ ಒಂದು ಪ್ರೋಗ್ರಾಮಿದೆ. ಅದರಲ್ಲಿ 16 ಮನೆಗಳ ಒಂದು ಅರೇ. ಲೂಪಿನ ಕೊನೆಯ ಸುತ್ತಿನಲ್ಲಿ, ನಿಲ್ಲಬೇಕೋ ಎಂದು ನೋಡುವ ಮುಂಚೆಯೇ, ಕೋಡು 17ನೆಯ ಮನೆಯನ್ನು ಓದುತ್ತಿತ್ತು. ಓದಿದ್ದನ್ನು ಬಳಸುತ್ತಿರಲಿಲ್ಲ, ಹಾಗಾಗಿ ವರ್ಷಗಟ್ಟಲೆ ತೊಂದರೆಯಿರಲಿಲ್ಲ. ಹೊಸ ಕಂಪೈಲರ್ ಹೀಗೆ ಯೋಚಿಸಿತು: ಮನೆಗಳು 16, ಆಚೆ ಓದುವವರಲ್ಲ, ಅಂದರೆ ಎಣಿಕೆ 15 ದಾಟುವುದಿಲ್ಲ, ಅಂದರೆ ‘16ಕ್ಕಿಂತ ಕಡಿಮೆಯೇ’ ಎಂಬ ಪ್ರಶ್ನೆಗೆ ಉತ್ತರ ಯಾವಾಗಲೂ ಹೌದು. ಪ್ರಶ್ನೆ ಅಳಿಸಿತು. ಲೂಪು ನಿಲ್ಲದೆ ಸುತ್ತತೊಡಗಿತು. ಜಿಸಿಸಿ ತಂಡ ತನ್ನ ಬಿಡುಗಡೆ ಟಿಪ್ಪಣಿಯಲ್ಲೇ ಆ ಪ್ರೋಗ್ರಾಮಿನ ಹೆಸರು ಹೇಳಿ, ಈ ಉಗ್ರ ಲೂಪು ವಿಶ್ಲೇಷಣೆ ಬೇಡವಾದವರಿಗೆ ಒಂದು ಸ್ವಿಚ್ಚನ್ನೂ ಕೊಟ್ಟಿತು. ಹೀಗೆ ಮುಂಚಿತವಾಗಿ ಹೇಳುವ ಪ್ರಾಮಾಣಿಕತೆ ನನಗೆ ಮೆಚ್ಚುಗೆ.

ಆದರೆ ಕಂಪೈಲರ್ ಕಟ್ಟುವವರ ಬಳಿಯೂ ನನ್ನದೊಂದು ದೂರಿದೆ. ಎರಡು ಸಂಖ್ಯೆ ಕೂಡಿಸಿ, ಮೊತ್ತ ಮೊದಲಿನದಕ್ಕಿಂತ ಚಿಕ್ಕದಾದರೆ ಉಕ್ಕಿತು ಎಂದು ತಿಳಿಯುವುದು ಎಷ್ಟೋ ಜನ ಕಾಲೇಜಿನಲ್ಲೇ ಕಲಿತ ಪರೀಕ್ಷೆ. ಚಿಹ್ನೆಯುಳ್ಳ ಸಂಖ್ಯೆ ಉಕ್ಕುವುದೇ ಇಲ್ಲ ಎಂಬ ನಂಬಿಕೆಯಲ್ಲಿ ಕಂಪೈಲರ್ ಆ ಪರೀಕ್ಷೆಯನ್ನು ಸದ್ದಿಲ್ಲದೆ ಎತ್ತಿಬಿಡುತ್ತದೆ. ಪಾಸ್‌ವರ್ಡನ್ನು ಮೆಮೊರಿಯಿಂದ ಒರೆಸಲು ಹಾಕಿದ ಮೆಮ್‌ಸೆಟ್ಟನ್ನೂ, ‘ಇದನ್ನು ಮುಂದೆ ಯಾರೂ ಓದುವುದಿಲ್ಲವಲ್ಲ’ ಎಂದು ಎತ್ತಿಬಿಡುತ್ತದೆ. ನಿಯಮದ ಪ್ರಕಾರ ಎರಡೂ ಸರಿ. ಆದರೆ ರಕ್ಷಣೆಗಾಗಿ ಬರೆದ ಸಾಲನ್ನು ತೆಗೆಯುವಾಗ ಒಂದು ಮಾತು ಹೇಳಬೇಡವೇ? 2008ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸರ್ಟ್ ಎಂಬ ಭದ್ರತಾ ಕೇಂದ್ರ ಇಂಥ ಉಕ್ಕುವಿಕೆಯ ಪರೀಕ್ಷೆಗಳ ಬಗ್ಗೆ ಎಚ್ಚರಿಕೆ ಹೊರಡಿಸಬೇಕಾಯಿತು. 2013ರಲ್ಲಿ ಎಂಐಟಿಯ ಸಂಶೋಧಕರು ಹೀಗೆ ಅಳಿಸಿಹೋಗುವ ಕೋಡನ್ನು ಹುಡುಕುವ ಸಲಕರಣೆ ಮಾಡಿ, ಬಳಕೆಯಲ್ಲಿದ್ದ ತಂತ್ರಾಂಶಗಳಲ್ಲಿ 160 ಹೊಸ ದೋಷಗಳನ್ನು ತೋರಿಸಿಕೊಟ್ಟರು. ಅವನ್ನೆಲ್ಲ ಬರೆದವರು ದಡ್ಡರಲ್ಲ. ಉಕ್ಕುವಿಕೆಯನ್ನು ಕೇಳಿ ತಿಳಿಯುವ ಫಂಕ್ಷನ್ನುಗಳೂ, ಅಳಿಸಲಾಗದ ಮೆಮ್‌ಸೆಟ್ಟೂ ಈಗ ಸಿ ಭಾಷೆಯ ಸಿ23 ನಿಯಮಾವಳಿಯಲ್ಲಿ ಅಧಿಕೃತವಾಗಿ ಬಂದಿವೆ. ಅವು ಇಪ್ಪತ್ತು ವರ್ಷ ಮುಂಚೆ ಬರಬೇಕಿತ್ತು.

ಓ-ತ್ರೀಗಿಂತ ನನಗೆ ಹೆಚ್ಚು ಭಯ ಫಾಸ್ಟ್-ಮ್ಯಾತ್ ಎಂಬ ಸ್ವಿಚ್ಚಿನದು. ಹೆಸರು ಕೇಳಿದರೆ ಯಾರಿಗೆ ತಾನೆ ಬೇಡ? ಅದನ್ನು ಹಾಕಿದರೆ, ಅರ್ಥವಿಲ್ಲದ ಸಂಖ್ಯೆ ಅಂದರೆ ನ್ಯಾನ್ ಬರುವುದೇ ಇಲ್ಲ ಎಂದು ಕಂಪೈಲರಿಗೆ ಮಾತು ಕೊಟ್ಟಂತೆ. ಆಮೇಲೆ ಸೆನ್ಸರ್ ಕೆಟ್ಟಿದೆಯೇ ಎಂದು ನೀವು ಹಾಕಿದ ‘ನ್ಯಾನ್ ಆಗಿದೆಯೇ’ ಪರೀಕ್ಷೆಗೆ ಉತ್ತರ ಸದಾ ಇಲ್ಲ. ಇದಕ್ಕಿಂತ ವಿಚಿತ್ರವಾದುದು ಇನ್ನೊಂದಿತ್ತು. ಲಿನಕ್ಸ್‌ನಲ್ಲಿ, ಇಂಟೆಲ್ ಬಗೆಯ ಚಿಪ್ಪುಗಳ ಮೇಲೆ, ಈ ಸ್ವಿಚ್ಚಿನೊಂದಿಗೆ ಜಿಸಿಸಿ ಕಟ್ಟಿದ ಲೈಬ್ರರಿ ಲೋಡ್ ಆದೊಡನೆ, ತೀರಾ ಚಿಕ್ಕ ಸಂಖ್ಯೆಗಳನ್ನು ಸೊನ್ನೆ ಮಾಡು ಎಂದು ಪ್ರೊಸೆಸರಿಗೇ ಹೇಳಿಬಿಡುತ್ತಿತ್ತು. ಆ ಲೈಬ್ರರಿಯ ಒಂದು ಫಂಕ್ಷನ್ನನ್ನೂ ಕರೆಯದಿದ್ದರೂ ನಿಮ್ಮ ಲೆಕ್ಕ ಬದಲಾಗುತ್ತಿತ್ತು. ಹಲವು ಪೈಥಾನ್ ಪ್ಯಾಕೇಜುಗಳು ಹೀಗೆ ಮಾಡುತ್ತಿದ್ದುದು 2022ರಲ್ಲಿ ಬಯಲಾಯಿತು. ಮರುವರ್ಷದ ಜಿಸಿಸಿ 13 ಲೈಬ್ರರಿಗಳ ಮಟ್ಟಿಗೆ ಈ ಚಾಳಿ ನಿಲ್ಲಿಸಿತು. ನಿಮ್ಮ ತಪ್ಪೂ ಅಲ್ಲದೆ, ನಿಮ್ಮ ಕಂಪೈಲರಿನ ತಪ್ಪೂ ಅಲ್ಲದೆ, ಪಕ್ಕದ ಮನೆಯವರ ಮೇಕ್‌ಫೈಲು ನಿಮ್ಮ ಲೆಕ್ಕ ಕೆಡಿಸಬಹುದು.

ಇನ್ನು ನಿಜವಾದ ಕಂಪೈಲರ್ ದೋಷ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಯೂಟಾ ವಿಶ್ವವಿದ್ಯಾಲಯದ ತಂಡ ಸಿಸ್ಮಿತ್ ಎಂಬ ಸಲಕರಣೆಯಿಂದ ಲೆಕ್ಕವಿಲ್ಲದಷ್ಟು ಸಿ ಪ್ರೋಗ್ರಾಮುಗಳನ್ನು ಹುಟ್ಟಿಸಿ ಕಂಪೈಲರುಗಳಿಗೆ ತಿನ್ನಿಸಿ, ಅದುವರೆಗೆ ಯಾರಿಗೂ ಗೊತ್ತಿಲ್ಲದ 325ಕ್ಕೂ ಹೆಚ್ಚು ದೋಷಗಳನ್ನು ಹಿಡಿದದ್ದು 2011ರ ಪ್ರಬಂಧದಲ್ಲಿದೆ. ಆದರೆ ನನ್ನ ಇಷ್ಟು ವರ್ಷದ ಕೆಲಸದಲ್ಲಿ ಕಂಪೈಲರಿನದೇ ಎಂದು ಕೊನೆಗೂ ಸಾಬೀತಾದದ್ದು ಎರಡು. ನನ್ನದು ಅಥವಾ ನನ್ನ ಪಕ್ಕದವರದು ಎಂದು ಸಾಬೀತಾದವುಗಳ ಲೆಕ್ಕ ಇಟ್ಟಿಲ್ಲ.

ಹಾಗಾದರೆ ಏನು ಮಾಡಬೇಕಿತ್ತು? ನಾನು ಈಗ ಮಾಡುವುದನ್ನು ಹೇಳುತ್ತೇನೆ.

ಫೈಲುಗಳಲ್ಲಿ ಅರ್ಧ ಓ-ಟೂ, ಅರ್ಧ ಓ-ಜೀರೊ ಮಾಡಿ ಲಿಂಕ್ ಮಾಡುತ್ತೇನೆ. ದೋಷ ಯಾವ ಅರ್ಧದಲ್ಲಿ ಉಳಿಯುತ್ತದೋ ಅದನ್ನು ಮತ್ತೆ ಅರ್ಧ ಮಾಡುತ್ತೇನೆ. ಸಾವಿರ ಫೈಲಿದ್ದರೂ ಹತ್ತು ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ನೀವೂ ಬಹುಶಃ ಇಲ್ಲಿಯವರೆಗೆ ಬಂದಿದ್ದಿರಿ, ನಾನೂ ಬಂದಿದ್ದೆ. ಇಬ್ಬರೂ ಇಲ್ಲೇ ಕೈಬಿಟ್ಟೆವು. ಇಲ್ಲಿಂದ ಮುಂದೆ ಆ ಫೈಲನ್ನು ಫಂಕ್ಷನ್ನುಗಳಾಗಿ ಒಡೆದು ಅದೇ ಆಟ ಆಡಬೇಕು. ಆಮೇಲೆ ಓ-ಟೂ ಹಾಗೇ ಇಟ್ಟು ಒಂದೊಂದೇ ನಂಬಿಕೆಯನ್ನು ಹಿಂತೆಗೆದುಕೊಳ್ಳಬೇಕು: ಒಂದೇ ಮೆಮೊರಿಯನ್ನು ಎರಡು ಬಗೆಯ ಪಾಯಿಂಟರಿನಿಂದ ನೋಡುವುದಿಲ್ಲ ಎಂಬ ನಂಬಿಕೆ (ಸ್ಟ್ರಿಕ್ಟ್-ಏಲಿಯಾಸಿಂಗ್) ಬೇಡ ಎಂದರೆ ದೋಷ ಹೋಯಿತೇ? ಸಂಖ್ಯೆ ಉಕ್ಕಿದರೆ ಸುತ್ತಿ ಬರಲಿ ಎಂದರೆ? ಖಾಲಿ ಪಾಯಿಂಟರಿನ ಪರೀಕ್ಷೆ ಅಳಿಸಬೇಡ ಎಂದರೆ? ಎಲ್.ಎಲ್.ವಿ.ಎಂ. ಬಳಗದ ಕಂಪೈಲರುಗಳಲ್ಲಾದರೆ ಆಪ್ಟಿಮೈಸೇಶನ್ನಿನ ಹಂತಗಳನ್ನೇ ಎಣಿಸಿ, ಎಷ್ಟನೆಯ ಹಂತದಲ್ಲಿ ಕೆಡುತ್ತದೆಂದು ಅರ್ಧರ್ಧ ಮಾಡಿ ಹುಡುಕುವ ಸೌಲಭ್ಯವೂ ಇದೆ. ದೋಷವನ್ನು ಮಾಯ ಮಾಡಿದ ಸ್ವಿಚ್ಚು ಸಿಕ್ಕಿತು ಅಂದುಕೊಳ್ಳಿ. ಕೊಟ್ಟ ಮಾತುಗಳಲ್ಲಿ ನಾವು ಯಾವುದನ್ನು ಮುರಿದಿದ್ದೇವೆ ಎಂದು ಅದು ಬೆರಳು ಮಾಡಿ ತೋರಿಸುತ್ತದೆ. ಆ ಸ್ವಿಚ್ಚನ್ನು ಅಲ್ಲೇ ಬಿಟ್ಟು ಬರಬಾರದು, ಆ ಬೆರಳು ತೋರಿದ ಕಡೆ ಹೋಗಬೇಕು.

ಇವೆಲ್ಲಕ್ಕಿಂತ ಮೊದಲು, ಕೋಡು ಓಡುವಾಗಲೇ ಇಂಥ ತಪ್ಪುಗಳನ್ನು ಹಿಡಿದು ತೋರಿಸುವ ಸ್ಯಾನಿಟೈಸರುಗಳನ್ನು ಹಾಕಿ ಓಡಿಸಬೇಕು. ನಮ್ಮದು ಚಿಕ್ಕ ಚಿಪ್ಪು, ಅಲ್ಲಿ ಅಡ್ರೆಸ್ ಸ್ಯಾನಿಟೈಸರಿಗೆ ಜಾಗವೆಲ್ಲಿ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಸೆನ್ಸರ್ ಓದುವ ನಾಲ್ಕು ಫಂಕ್ಷನ್ನುಗಳನ್ನು ಬೇರೆ ಮಾಡಿ, ಅವುಗಳ ಜಾಗದಲ್ಲಿ ಸುಳ್ಳು ಓದಿಕೆ ಕೊಡುವ ನಾಲ್ಕು ಫಂಕ್ಷನ್ನು ಬರೆದು, ಉಳಿದ ಕೋಡನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಬಹುದು. ಹಾಲಿನ ಯಂತ್ರದ ಕೋಡನ್ನು ಕೊನೆಗೂ ಹಾಗೆ ಮಾಡಿ, ಒಂಬತ್ತು ಓದಿಕೆ ಕೊಟ್ಟು ಓಡಿಸಿದೆ. ಕ್ಷಣವೂ ಆಗಲಿಲ್ಲ. ಫೈಲಿನ ಹೆಸರು, ಸಾಲಿನ ಸಂಖ್ಯೆ, ಸ್ಟ್ಯಾಕಿನಲ್ಲಿ ಎಲ್ಲಿಂದ ಆಚೆ ಬರೆದೆ ಎಂಬುದು, ಎಲ್ಲ ಪರದೆಯ ಮೇಲೆ ಬಂತು. ತಿದ್ದಿದ್ದು ಒಂದು ಚಿಹ್ನೆ. ಆ ಪರದೆಯ ಮುಂದೆ ಕೂತಾಗ ನನ್ನ ಕಣ್ಣಿಗೆ ಕಟ್ಟಿದ್ದು ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳು.

ಈಗ ನಿಮ್ಮ ಫೈಲಿನ ವಿಷಯ. ಕ್ಷಮಿಸಿ, ಮುಟ್ಟಿದೆ.

ಮೊದಲು ವೊಲಟೈಲ್ ಎಂಬ ಪದ ಬಿಟ್ಟುಹೋಗಿರಬಹುದು ಎಂದುಕೊಂಡೆ. ಇಂಟರಪ್ಟ್ ಬಂದು ಬದಲಿಸುವ ಫ್ಲ್ಯಾಗಿಗೆ ಆ ಪದ ಹಾಕದಿದ್ದರೆ, ಕಾಯುವ ಲೂಪು ಅದನ್ನು ಒಮ್ಮೆ ಮಾತ್ರ ಓದಿ ರಿಜಿಸ್ಟರಿನಲ್ಲಿಟ್ಟುಕೊಂಡು ಎಂದೆಂದಿಗೂ ಕಾಯುತ್ತದೆ, ಈ ಕಸುಬಿನಲ್ಲಿ ಎಲ್ಲರೂ ಒಮ್ಮೆಯಾದರೂ ಎಡವುವ ಕಲ್ಲದು. ಆದರೆ ನೀವು ಜಾಗರೂಕರು, ಎಲ್ಲ ಫ್ಲ್ಯಾಗುಗಳಿಗೂ ವೊಲಟೈಲ್ ಹಾಕಿದ್ದೀರಿ. ಸ್ಯಾನಿಟೈಸರುಗಳೂ ಸುಮ್ಮನಿದ್ದವು. ಫಂಕ್ಷನ್ನುಗಳನ್ನು ಒಡೆಯುತ್ತಾ ಹೋದಾಗ ಸಿಕ್ಕಿದ್ದು ಸೆನ್ಸರಿಗೆ ವಿದ್ಯುತ್ ಕೊಟ್ಟ ಮೇಲೆ ಬರುವ ಒಂದು ಖಾಲಿ ಲೂಪು: ಸೊನ್ನೆಯಿಂದ ಎಣಿಸುತ್ತಾ ಹೋಗು, ಒಳಗೆ ಏನೂ ಮಾಡಬೇಡ. ಸೆನ್ಸರ್ ಎಚ್ಚರಾಗಲು ಸ್ವಲ್ಪ ಹೊತ್ತು ಕಾಯಬೇಕಲ್ಲ, ಅದಕ್ಕೆ ಅದು. ಏನೂ ಮಾಡದ ಲೂಪನ್ನು ಓ-ಟೂ ಇಟ್ಟುಕೊಳ್ಳುವುದಿಲ್ಲ. ಅಸೆಂಬ್ಲಿ ತೆಗೆದು ನೋಡಿದೆ, ಆ ಜಾಗದಲ್ಲಿ ಒಂದು ಸೂಚನೆಯೂ ಇರಲಿಲ್ಲ. ಎಚ್ಚರಾಗದ ಸೆನ್ಸರನ್ನು ಓದಿ ಕಸ ತರುತ್ತಿತ್ತು.

ಈಗ ಅಲ್ಲಿ ಚಿಪ್ಪಿನ ಟೈಮರ್ ಬಳಸಿ ಕಾಯಿಸಿದ್ದೇನೆ, ಮೇಕ್‌ಫೈಲಿನ ನಿಮ್ಮ ಎರಡು ಸಾಲು ತೆಗೆದಿದ್ದೇನೆ. ಕೋಡು ಓ-ಟೂನಲ್ಲೂ ಓ-ತ್ರೀಯಲ್ಲೂ ಓಡುತ್ತದೆ. ನಾನು ಕಂಡದ್ದನ್ನೆಲ್ಲ ಹೆಸರು, ತಾರೀಕು ಹಾಕಿ ಆ ಫಂಕ್ಷನ್ನಿನ ಮೇಲೆ ಬರೆದಿಟ್ಟಿದ್ದೇನೆ. ಒಂದು ವಿಷಯ ಮಾತ್ರ ಬಗೆಹರಿಯದೆ ಉಳಿದಿದೆ. ಓ-ಜೀರೊದಲ್ಲಿ ನಿಮ್ಮ ಲೂಪು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತೆಂದು ಆಸಿಲೋಸ್ಕೋಪ್ ಇಟ್ಟು ಅಳೆದೆ: 4 ಮಿಲಿಸೆಕೆಂಡ್. ಸೆನ್ಸರಿನ ಡೇಟಾಶೀಟ್ 2 ಸಾಕು ಎನ್ನುತ್ತದೆ. ಸುಮ್ಮನೆ ಎರಡರಷ್ಟು ಇಟ್ಟಿರಾ, ಅಥವಾ 2ರಲ್ಲಿ ಎಚ್ಚರಾಗದ ಸೆನ್ಸರೊಂದನ್ನು ಎಲ್ಲಾದರೂ, ಯಾವುದಾದರೂ ಚಳಿಯ ಊರಿನಲ್ಲಿ ಕಂಡಿದ್ದಿರಾ? ಸದ್ಯಕ್ಕೆ 4 ಎಂದೇ ಇಟ್ಟಿದ್ದೇನೆ. ಗೊತ್ತಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ.

ಇಂತಿ,
ನಿಮ್ಮ ಕೋಡನ್ನು ಈಗ ನೋಡಿಕೊಳ್ಳುತ್ತಿರುವವನು